ಕೆರೆ ನೀರಿನ ಮೈಕ್ರೋಪ್ಲಾಸ್ಟಿಕ್ ಎಣಿಕೆ: ನೈಲ್ ರೆಡ್ ಬಳಸುವಾಗ ಎಡವುವ ಜಾಗಗಳು

ನೈಲ್ ರೆಡ್ ಎಂಬ ಹೊಳೆಯುವ ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟರೆ ಮೈಕ್ರೋಪ್ಲಾಸ್ಟಿಕ್, ಅಂದರೆ 5 ಮಿ.ಮೀ.ಗಿಂತ ಸಣ್ಣ ಪ್ಲಾಸ್ಟಿಕ್ ಚೂರು, ಹೊಳೆಯುತ್ತದೆ, ಎಣಿಸಿದರೆ ಮುಗಿಯಿತು ಎಂದುಕೊಂಡು ಶುರು ಮಾಡುವವರೇ ಹೆಚ್ಚು. ಹೊಳೆಯುವುದು ನಿಜ. ಆದರೆ ಆ ಬಣ್ಣ ಹುಡುಕಿಕೊಂಡು ಹೋಗುವುದು ಪ್ಲಾಸ್ಟಿಕ್ಕನ್ನಲ್ಲ, ಜಿಡ್ಡಿನ ಸ್ವಭಾವವನ್ನು. ಪಾಚಿಯ ಕೊಬ್ಬು, ಹುಳದ ಚಿಪ್ಪು, ಅಂತರಗಂಗೆಯ ಬೇರಿನ ಚೂರು ಎಲ್ಲವೂ ಹೊಳೆಯುತ್ತವೆ. ಚರಂಡಿ ನೀರು ಸೇರುವ ಬೆಂಗಳೂರಿನ ಕೆರೆಗಳಲ್ಲಿ ಇವು ಪ್ಲಾಸ್ಟಿಕ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಅರ್ಧ ದುಡಿಮೆ ಸೂಕ್ಷ್ಮದರ್ಶಕದ ಹತ್ತಿರ ಹೋಗುವ ಮೊದಲೇ ಇರುತ್ತದೆ.

ಸ್ಟೀಲ್ ಬಕೆಟ್‌ನಲ್ಲಿ 20 ಲೀಟರ್ ನೀರು ಎತ್ತಿ, 5 ಮಿ.ಮೀ. ಜರಡಿಯ ಕೆಳಗೆ 45 ಮೈಕ್ರಾನ್ ಸ್ಟೀಲ್ ಜರಡಿ ಇಟ್ಟು ಸುರಿಯುತ್ತೇವೆ. ಪಾಚಿ ಕಟ್ಟಿಕೊಂಡರೆ ಬೆರಳಿನಿಂದ ಉಜ್ಜಬೇಡಿ, ಜರಡಿಯ ಬುಡದಿಂದ ಶೋಧಿಸಿದ ನೀರು ಚಿಮ್ಮಿಸಿ ಗಾಜಿನ ಬೀಕರ್‌ಗೆ ಇಳಿಸಿ.

ಸಾವಯವ ಕಸ ಸುಡಲು ಫೆಂಟನ್ ಕ್ರಿಯೆ, ಅಂದರೆ ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಅದನ್ನು ಒಡೆಯುವುದು. 7.5 ಗ್ರಾಂ ಫೆರಸ್ ಸಲ್ಫೇಟ್ ಹೆಪ್ಟಾಹೈಡ್ರೇಟ್ ಅನ್ನು 500 ಮಿ.ಲೀ. ನೀರಿನಲ್ಲಿ ಕರಗಿಸಿ 3 ಮಿ.ಲೀ. ಸಾಂದ್ರ ಸಲ್ಫ್ಯೂರಿಕ್ ಆಮ್ಲ ಸೇರಿಸಿಟ್ಟುಕೊಳ್ಳಿ. ಮಾದರಿಗೆ ಈ ದ್ರಾವಣ 20 ಮಿ.ಲೀ., ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ 20 ಮಿ.ಲೀ. ಹಾಕಿ, ಐದು ನಿಮಿಷ ಹಾಗೇ ಬಿಟ್ಟು, ಆಮೇಲೆ 75 ಡಿಗ್ರಿಗೆ ಏರಿಸುವುದು. ಇಲ್ಲಿ ಕಣ್ಣು ಕೀಳಬಾರದು. ಮೊದಲು ಬೀಕರಿನ ಅಂಚಿನಲ್ಲಿ ಸಣ್ಣ ಗುಳ್ಳೆ, ನೋಡನೋಡುತ್ತ ಕಂದು ನೊರೆ ಹಾಲು ಉಕ್ಕಿದಂತೆ ಮೇಲೇಳುತ್ತದೆ. ಉಕ್ಕಿ ಚೆಲ್ಲಿದರೆ ಚೂರುಗಳೂ ಹೋದವು. ಪಕ್ಕದಲ್ಲಿ ಐಸ್ ತಟ್ಟೆ ಇರಲಿ, 40 ಮಿ.ಲೀ. ದ್ರವಕ್ಕೂ 500 ಮಿ.ಲೀ. ಬೀಕರೇ ಬೇಕು. ಎಲೆಯ ತುಣುಕು ಕಾಣುತ್ತಿದ್ದರೆ ಇನ್ನೂ 20 ಮಿ.ಲೀ. ಪೆರಾಕ್ಸೈಡ್.

ಬೇರ್ಪಡಿಸಲು ಅಡುಗೆ ಉಪ್ಪು ಅಗ್ಗ, ಆದರೆ ಅದರ ಸಂತೃಪ್ತ ದ್ರಾವಣದ ಸಾಂದ್ರತೆ ಮಿ.ಲೀ.ಗೆ 1.2 ಗ್ರಾಂ ಮಾತ್ರ. ಪಾಲಿಥೀನ್ ತೇಲುತ್ತದೆ, ನೀರಿನ ಬಾಟಲಿಯ ಪೆಟ್ ಸುಮಾರು 1.38 ಇರುವುದರಿಂದ ತಳಕ್ಕಿಳಿದು ಲೆಕ್ಕದಿಂದಲೇ ಜಾರುತ್ತದೆ. ಅದಕ್ಕೇ ನಮ್ಮದು 1.5ರ ಜಿಂಕ್ ಕ್ಲೋರೈಡ್. ಇದು ಜಲಚರಗಳಿಗೆ ವಿಷ, ಸಿಂಕಿಗೆ ಸುರಿಯದೆ ಶೋಧಿಸಿ ಮತ್ತೆ ಬಳಸಿ. ಫೆಂಟನ್ ಕ್ರಿಯೆ ಮುಗಿದ ಮಾದರಿಯನ್ನು 45 ಮೈಕ್ರಾನ್ ಜರಡಿಯಲ್ಲಿ ತೊಳೆದೇ ಇದಕ್ಕೆ ಹಾಕಬೇಕು. ಗಾಜಿನ ಬೇರ್ಪಡಿಕೆ ಲಾಳಿಕೆಯಲ್ಲಿ ಒಂದು ರಾತ್ರಿ ಬಿಟ್ಟರೆ ಸಾಕು. ಮೇಲೆ ತೇಲಿದ್ದನ್ನು ಅದೇ ಜರಡಿಯಲ್ಲಿ ಇನ್ನೊಮ್ಮೆ ತೊಳೆದು, ಶೋಧಿಸಿದ 50 ಮಿ.ಲೀ. ನೀರಿಗೆ ಇಳಿಸಿಕೊಳ್ಳಿ.

ನೈಲ್ ರೆಡ್ ಅಸಿಟೋನಿನಲ್ಲಿ ಮಿ.ಲೀ.ಗೆ 1 ಮಿ.ಗ್ರಾಂ. ಆ 50 ಮಿ.ಲೀ. ಮಾದರಿಗೆ ಇದರಲ್ಲಿ ಅರ್ಧ ಮಿ.ಲೀ., ಕತ್ತಲಲ್ಲಿ 30 ನಿಮಿಷ. ಈ ಬಣ್ಣ ನೀರಿಗೆ ಬಿದ್ದೊಡನೆ ಗಂಟುಕಟ್ಟುತ್ತದೆ, ಆ ಗಂಟುಗಳೂ ಹೊಳೆದು ಪ್ಲಾಸ್ಟಿಕ್ ವೇಷ ಹಾಕುತ್ತವೆ. ಹಾಕುವ ಮುಂಚೆ 0.2 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಸಿರಿಂಜ್ ಫಿಲ್ಟರಿನಿಂದ ಬಣ್ಣ ಶೋಧಿಸಿ. ಸೆಲ್ಯುಲೋಸ್ ಅಸಿಟೇಟ್ ಫಿಲ್ಟರನ್ನು ಅಸಿಟೋನ್ ಕರಗಿಸಿಬಿಡುತ್ತದೆ. ಕೊನೆಗೆ ಗಾಜಿನ ನಾರಿನ ಫಿಲ್ಟರ್ ಮೇಲೆ ಇಳಿಸಿ, ಮುಚ್ಚಿದ ಗಾಜಿನ ಪೆಟ್ರಿ ತಟ್ಟೆಯಲ್ಲಿ ಒಣಗಿಸುವುದು.

ಸೂಕ್ಷ್ಮದರ್ಶಕದಲ್ಲಿ ಪ್ರಚೋದನೆಗೆ, ಅಂದರೆ ಬಣ್ಣ ಹೊಳೆಯುವಂತೆ ಮಾಡಲು, 450–490 ನ್ಯಾನೊಮೀಟರ್ ನೀಲಿ, ಹೊರಸೂಸುವ ಬೆಳಕಿಗೆ 515–565ರ ಹಸಿರು ಫಿಲ್ಟರ್. ಉಳಿದ ಪಾಚಿಯ ಕ್ಲೋರೋಫಿಲ್ ಕೆಂಪಾಗಿ ಹೊಳೆಯುವುದರಿಂದ ಹಸಿರು ಕಿಟಕಿಯಲ್ಲಿ ಅದು ಬಹುಮಟ್ಟಿಗೆ ಹೊರಗುಳಿಯುತ್ತದೆ. ಕ್ಯಾಮೆರಾದ ಎಕ್ಸ್‌ಪೋಶರ್, ಗೇನ್ ಒಮ್ಮೆ ಕೂರಿಸಿದ ಮೇಲೆ ಇಡೀ ಸರಣಿಗೆ ಅದೇ. ಆಟೋ ಮೋಡ್‌ನಲ್ಲೇ ಬಿಟ್ಟರೆ ಖಾಲಿ ಫಿಲ್ಟರೂ ನಕ್ಷತ್ರದ ಆಕಾಶವಾಗುತ್ತದೆ! ಚಿತ್ರ ಟಿಫ್ ರೂಪದಲ್ಲಿರಲಿ. ಇಮೇಜ್‌ಜೆ ತಂತ್ರಾಂಶದಲ್ಲಿ 8 ಬಿಟ್‌ಗೆ ಇಳಿಸಿ, ಎಷ್ಟು ಹೊಳೆದರೆ ಚೂರು ಎನ್ನುವ ಹೊಸ್ತಿಲು ಮಟ್ಟ ಹಾಕಿ, 50 ಮೈಕ್ರಾನ್‌ಗಿಂತ ದೊಡ್ಡವನ್ನಷ್ಟೇ ಎಣಿಸುತ್ತೇವೆ.

ಟೈರಿನ ಕರಿ ಚೂರು ಇಲ್ಲಿ ಕಾಣುವುದೇ ಇಲ್ಲ, ಬಣ್ಣ ಹಾಕಿದ ಬಟ್ಟೆಯ ಎಳೆಗಳು ಮಂಕು. ವರದಿಯಲ್ಲಿ ಇದನ್ನು ಬರೆಯದವರೇ ಬಹಳ.

ಪ್ರತಿ ಸರಣಿಗೂ ಕನಿಷ್ಠ ಮೂರು ಖಾಲಿ ಮಾದರಿ (ಕೆರೆ ನೀರಿಲ್ಲದ್ದು), ಅದೇ ರಾಸಾಯನಿಕ, ಅದೇ ಬೀಕರ್. ಅವುಗಳ ಸರಾಸರಿಗೆ ಮೂರು ಪಟ್ಟು ಪ್ರಮಾಣ ವಿಚಲನೆ (ಎಣಿಕೆಗಳ ಏರಿಳಿತದ ಅಳತೆ) ಕೂಡಿಸಿದ ಸಂಖ್ಯೆಗಿಂತ ಕೆರೆಯ ಎಣಿಕೆ ಕಡಿಮೆ ಬಂದರೆ "ಪತ್ತೆಯಾಗಿಲ್ಲ" ಎಂದೇ ಬರೆಯಬೇಕು. ಪಾಲಿಯೆಸ್ಟರ್ ಅಂಗಿ ತೊಟ್ಟು ಬಂದ ದಿನ ಖಾಲಿ ಮಾದರಿಯಲ್ಲಿ ಎಳೆ ಏರುತ್ತದೆ. ಹತ್ತಿಯ ಕೋಟು ಸಾಕು, ಫ್ಯಾನ್ ಆರಿಸಿ.

ಚೂರು ಯಾವ ಪಾಲಿಮರ್, ಅಂದರೆ ಯಾವ ಬಗೆಯ ಪ್ಲಾಸ್ಟಿಕ್ ಎಂದು ಹೇಳಲು ರಾಮನ್ ಅಥವಾ ಎಫ್‌ಟಿಐಆರ್ (ಬೆಳಕು ಬಿಟ್ಟು ವಸ್ತುವಿನ ರಾಸಾಯನಿಕ ಗುರುತು ಓದುವ ವಿಧಾನಗಳು) ಬೇಕೇ ಬೇಕು. ರಾಮನ್‌ಗೆ ಕಳಿಸುವ ಚೂರುಗಳನ್ನು ಬಣ್ಣ ಹಾಕುವ ಮೊದಲೇ ಆರಿಸಿಡಿ. 532 ನ್ಯಾನೊಮೀಟರ್ ಲೇಸರಿನಲ್ಲಿ ನೈಲ್ ರೆಡ್‌ನ ಹೊಳಪೇ ಇಡೀ ವರ್ಣಪಟಲವನ್ನು ನುಂಗುತ್ತದೆ.