ಟರ್ಕಿಶ್ ಹೋಟೆಲಿನಲ್ಲಿ ಊಟ: ಬರ್ಲಿನ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬರ್ಲಿನ್‌ನಲ್ಲಿ ಬಾಡಿಗೆ ಮನೆ ಎಂದರೆ ಎಷ್ಟೋ ಸಲ ನಾಲ್ಕು ಗೋಡೆ ಅಷ್ಟೇ. ಹಿಂದೆ ಇದ್ದವರು ಒಲೆ, ಸಿಂಕು, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ಹೊಸ ಅಡುಗೆಮನೆ ಕೂರಿಸುವಷ್ಟರಲ್ಲಿ ವಾರಗಳೇ ಉರುಳುತ್ತವೆ, ಮಕ್ಕಳಿಗೆ ಬ್ರೆಡ್ಡು-ಜಾಮು ಕೊಟ್ಟು ಕೊಟ್ಟು ಸಾಕಾಗಿರುತ್ತದೆ. ಸಂಘಕ್ಕೆ ಫೋನ್ ಮಾಡುವ ಹೊಸಬರು ಮೊದಲು ಕೇಳುವುದು "ಹತ್ತಿರದಲ್ಲಿ ಇಂಡಿಯನ್ ಹೋಟೆಲ್ ಎಲ್ಲಿದೆ?" ಅಂತ. ಅದು ಆಮೇಲೆ ನೋಡೋಣ, ಮೊದಲು ಬೀದಿ ಮೂಲೆಯ ಟರ್ಕಿಶ್ ಹೋಟೆಲಿಗೆ ಹೋಗಿ ಎನ್ನುತ್ತೇವೆ ನಾವು. ಬೇಳೆ, ಮೊಸರು, ಬದನೆಕಾಯಿ, ಅನ್ನ ಎಲ್ಲ ಅಲ್ಲಿದೆ. ಸಸ್ಯಾಹಾರಿಗಳು ಮಾತ್ರ ನಾಲ್ಕೈದು ಪದ ಕಲಿತುಕೊಂಡು ಹೋಗಬೇಕು. ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಮಾಂಸದಿಂದ ನಮ್ಮವರು ಯಾರೂ ಪೇಚಿಗೆ ಸಿಕ್ಕಿಲ್ಲ, ಕಾಣದೆ ಇದ್ದದ್ದರಿಂದಲೇ ಸಿಕ್ಕಿರುವುದು.

ಈ ಊರಿನಲ್ಲಿ ಇಷ್ಟೊಂದು ಟರ್ಕಿಶ್ ಹೋಟೆಲು ಯಾಕೆ ಅಂತ ಮಕ್ಕಳು ಕೇಳಿದರೆ ಹೇಳಿ: 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿಯೂ ಟರ್ಕಿಯೂ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಎರಡು ವರ್ಷ ದುಡಿದು ವಾಪಸ್ ಹೋಗುತ್ತಾರೆ ಎಂಬುದು ಲೆಕ್ಕ. ಹೋಗದೆ ಉಳಿದವರು ಕ್ರೊಯ್ಟ್ಸ್‌ಬೆರ್ಗ್, ನೊಯ್‌ಕೋಲ್ನ್ ಕಡೆ ನೆಲೆ ನಿಂತರು. "ಎರಡು ವರ್ಷ ಇದ್ದು ಹೋಗೋಣ" ಎಂದುಕೊಂಡು ಬಂದ ನಮ್ಮ ಸಂಘದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಹೋಟೆಲು

ನಿಂತುಕೊಂಡು ತಿನ್ನುವ ಇಂಬಿಸ್‌ನಲ್ಲಿ ದೋನರ್ ಸಿಗುತ್ತದೆ, ಅಂದರೆ ಕಂಬಿಗೆ ಚುಚ್ಚಿ ಸುಟ್ಟ ಮಾಂಸವನ್ನು ಹೆರೆದು ಬ್ರೆಡ್ಡಿನಲ್ಲಿ ತುಂಬಿದ್ದು. ಹಂದಿ ಇರುವುದಿಲ್ಲ, ಆದರೆ ಕಂಬಿಯ ಮೇಲೆ ತಿರುಗುತ್ತಿರುವುದು ಬಹುಪಾಲು ದನ, ಕರು ಅಥವಾ ಕೋಳಿ. ಬೋರ್ಡಿನಲ್ಲಿ ರಿಂಟ್ ಎಂದಿದ್ದರೆ ದನ, ಕಾಲ್ಪ್ ಎಂದಿದ್ದರೆ ಕರು, ಹೇನ್ಶೆನ್ ಎಂದಿದ್ದರೆ ಕೋಳಿ. "ಮಿಟ್ ಆಲೆಸ್?" ಎಂದು ಕೇಳಿದರೆ ಎಲ್ಲ ತರಕಾರಿಯೂ ಹಾಕಲಾ ಎಂದರ್ಥ, "ಶಾರ್ಫ್" ಎಂದರೆ ಖಾರ. ಅವರ ಖಾರಕ್ಕೆ ಹೆದರಬೇಡಿ. ಇಂಬಿಸ್‌ನ ಫಲಾಫೆಲ್ ಎಂಬ ಕಡಲೆ ವಡೆ ಒಳ್ಳೆಯದೇ, ಕರಿಯುವ ಎಣ್ಣೆ ಬೇರೆಯೋ ಒಂದೋ ಎಂದು ಕೇಳಿಕೊಳ್ಳುವುದು ನಿಮಗೆ ಬಿಟ್ಟದ್ದು.

ಒಜಾಕ್‌ಬಾಶಿ ಎಂದು ಬರೆದಿದ್ದರೆ ಇದ್ದಲು ಕೆಂಡದ ಮೇಲೆ ಮಾಂಸ ಸುಡುವ ಜಾಗ. ಮಾಂಸ ತಿನ್ನುವವರಿಗೆ ಹಬ್ಬ. ಉಳಿದವರಿಗೆ ಸುಟ್ಟ ಟೊಮೆಟೊ, ಮೆಣಸಿನಕಾಯಿ.

ಸಂಸಾರ ಸಮೇತ ಹೋಗುವುದಾದರೆ ಲೋಕಾಂತಾ ಹುಡುಕಿ. ಗಾಜಿನ ಹಿಂದೆ ಬಿಸಿ ಬಿಸಿ ಪಲ್ಯ, ಗೊಜ್ಜು, ಅನ್ನದ ಪಾತ್ರೆಗಳು ಸಾಲಾಗಿ ಇರುತ್ತವೆ. ಭಾಷೆ ಬೇಕಿಲ್ಲ, ಬೆರಳು ತೋರಿಸಿದರೆ ಸಾಕು.

ಏನು ತಿನ್ನಬಹುದು, ಎಲ್ಲಿ ಎಡವುತ್ತೇವೆ

ಮೆರ್ಜಿಮೆಕ್ ಚೋರ್ಬಾಸಿ ಎಂದರೆ ಕೆಂಪು ಬೇಳೆಯ ಸೂಪು. ನಿಂಬೆ ಹಿಂಡಿಕೊಂಡು, ಮೇಲೆ ಮೆಣಸಿನಪುಡಿ ಉದುರಿಸಿಕೊಂಡರೆ ಒಗ್ಗರಣೆ ಹಾಕದ ತೊವ್ವೆಯೇ. ಆದರೆ ಕೆಲವು ಕಡೆ ಇದನ್ನು ಎಲುಬು ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಅದಕ್ಕೆ "ಎತ್ ಸುಯು" ಎಂದು ಹೆಸರು, ಎತ್ ಎಂದರೆ ಮಾಂಸ, ಸು ಎಂದರೆ ನೀರು. ಅನ್ನಕ್ಕೂ ಬುಲ್ಗುರ್ ಗೋಧಿ ನುಚ್ಚಿಗೂ ಇದೇ ಪ್ರಶ್ನೆ ಕೇಳಬೇಕು. ಬರೀ "ವೆಜಿಟೇರಿಯನ್ನಾ?" ಎಂದರೆ ಹೌದು ಎಂದುಬಿಡುತ್ತಾರೆ, ತುಂಡು ಇಲ್ಲವಲ್ಲ ಎಂಬುದು ಅವರ ಪಾಲಿನ ನ್ಯಾಯ. "ಎತ್ ಸುಯು ವಾರ್ ಮಿ?" ಎಂದು ಕೇಳಿ. "ಯೋಕ್" ಎಂದರೆ ಇಲ್ಲ, ಧೈರ್ಯವಾಗಿ ತಿನ್ನಿ.

ಬದನೆಕಾಯಿಯ ಎರಡು ಅಡುಗೆ ನೋಡಲು ಅಣ್ಣತಮ್ಮಂದಿರಂತಿವೆ. ಇಮಾಮ್ ಬಾಯಿಲ್ದಿಯಲ್ಲಿ ಈರುಳ್ಳಿ, ಟೊಮೆಟೊ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸಿರುತ್ತಾರೆ. ತಿಂದು ಇಮಾಮರೇ ಮೂರ್ಛೆ ಹೋದರು ಎಂದು ಹೆಸರಿನ ಅರ್ಥ. ನಮ್ಮ ಎಣ್ಣೆಗಾಯಿ ತಿಂದಿದ್ದರೆ ಏನಾಗುತ್ತಿದ್ದರೋ! ಕರ್ನಿಯಾರಿಕ್‌ನ ಹೊಟ್ಟೆಯೊಳಗೆ ಇರುವುದು ಮಾತ್ರ "ಕಿಯ್ಮಾ", ನಮ್ಮ ಖೀಮಾ ಪದದ ಮೂಲವೇ ಅದು. ತೆಳ್ಳಗೆ ರೊಟ್ಟಿಯಂತೆ ಕಂಡು, ಮೇಲೆ ಟೊಮೆಟೊ ಚಟ್ನಿ ಸವರಿದಂತೆ ಇರುವ ಲಹ್ಮಾಜುನ್ ಮೇಲೂ ಅದೇ ಖೀಮಾ. ಮಕ್ಕಳು ಪಿಜ್ಜಾ ಎಂದು ಹಟ ಹಿಡಿದರೆ ಚೀಸಿನ ಕಷಾರ್ಲಿ ಪಿದೆ ತರಿಸಿ. ಮೊಟ್ಟೆ ತಿನ್ನದವರು "ಯುಮುರ್ತಾ" ಎಂಬ ಪದ ನೆನಪಿಟ್ಟುಕೊಳ್ಳಿ.

ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ಸಾರ್ಮಾ ಮೆನುವಿನಲ್ಲಿ ಆಲಿವ್ ಎಣ್ಣೆಯ ಪಟ್ಟಿಯಲ್ಲಿದ್ದರೆ ಸಾಮಾನ್ಯವಾಗಿ ಮಾಂಸವಿಲ್ಲ, "ಎತ್ಲಿ" ಎಂದಿದ್ದರೆ ಇದೆ. ಹಸಿ ಮಾಂಸದ ಉಂಡೆ ಎಂಬ ಹೆಸರು ಹೊತ್ತ ಚಿ ಕೋಫ್ತೆ, ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಗೋಧಿ ನುಚ್ಚಿನದು, ಖಾರವಾಗಿ ಚೆನ್ನಾಗಿರುತ್ತದೆ. ಜಾಜಿಕ್ ಎಂದರೆ ಸೌತೆಕಾಯಿ ಮೊಸರುಬಜ್ಜಿ, ಐರಾನ್ ಎಂದರೆ ಉಪ್ಪು ಹಾಕಿದ ಮಜ್ಜಿಗೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕೆನ್ನುವ ಹಿರಿಯರಿಗೆ ನಿಜ ಹೇಳಿಬಿಡುತ್ತೇನೆ: ಐರಾನ್, ಬ್ರೆಡ್ಡು, ಸಿಹಿ, ಅಷ್ಟೇ.

ಸಿಹಿಯಲ್ಲೂ ಒಂದು ಗುಂಡಿ ಇದೆ. ಊರಿಂದ ಅಮ್ಮ ಬಂದಿದ್ದಾಗ ಮೆನುವಿನ ಚಿತ್ರದಲ್ಲಿ ಬೆಳ್ಳಗೆ, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿದ ಹಾಲಿನ ಸಿಹಿ ನೋಡಿ ತವುಕ್ ಗೋಸು ಬೇಕೆಂದು ಬೆರಳಿಟ್ಟೆ. ಬರೆದುಕೊಳ್ಳುತ್ತಿದ್ದ ನಡುವಯಸ್ಸಿನ ಮಾಣಿ ಪೆನ್ನು ನಿಲ್ಲಿಸಿದ. ಅಮ್ಮನ ಕಡೆ ತಿರುಗಿ, "ತೇಜೆ ಮಾಂಸ ತಿನ್ನುವುದಿಲ್ಲ ಅಂದಿರಲ್ಲ?" ಎಂದು ಜರ್ಮನ್‌ನಲ್ಲಿ ಕೇಳಿದ. ತೇಜೆ ಎಂದರೆ ಚಿಕ್ಕಮ್ಮ. ಆಮೇಲೆ ಎರಡೂ ಮೊಣಕೈ ಅಲ್ಲಾಡಿಸಿ ಕೋಳಿಯಂತೆ ಕೂಗಿ ತೋರಿಸಿದ. ತವುಕ್ ಎಂದರೆ ಕೋಳಿ, ಗೋಸು ಎಂದರೆ ಎದೆ. ಕೋಳಿಯ ಎದೆಮಾಂಸವನ್ನು ನೂಲಿನಂತೆ ಬಿಡಿಸಿ ಹಾಲಿನಲ್ಲಿ ಕರಗಿಸಿ ಮಾಡುವ ಪಾಯಸ ಅದು! ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆತ ತಂದಿಟ್ಟದ್ದು ಸುತ್ಲಾಚ್, ಒಲೆಯಲ್ಲಿ ಮೇಲ್ಭಾಗ ಕಂದು ಬರಿಸಿದ ಅಕ್ಕಿ ಪಾಯಸ. ನೀವೂ ಅದನ್ನೇ ತರಿಸಿ, ಇಲ್ಲವೆ ಶಾವಿಗೆಯ ಹಾಗಿರುವ ಎಳೆಗಳ ನಡುವೆ ಚೀಸ್ ಇಟ್ಟು ಪಾಕ ಸುರಿದ ಕುನೆಫೆ. ಒಂದು ಕುನೆಫೆ ಇಬ್ಬರಿಗೆ ಸಾಕು.

ಚಹಾ, ನೀರು, ಬಿಲ್ಲು

ಸೊಂಟ ಸಣ್ಣದಾದ ಪುಟ್ಟ ಗ್ಲಾಸಿನಲ್ಲಿ ಚಹಾ ಬರುತ್ತದೆ. ಎಷ್ಟೋ ಕಡೆ ಊಟವಾದ ಮೇಲೆ ಕೇಳದೆಯೇ ತಂದಿಡುತ್ತಾರೆ, ದುಡ್ಡಿಲ್ಲ. ಅದಕ್ಕೆ ಹಾಲು ಕೇಳಬೇಡಿ. ಟರ್ಕಿಶ್ ಕಾಫಿಗೆ ಸಕ್ಕರೆ ಎಷ್ಟೆಂದು ಹೇಳುವಾಗಲೇ ಹೇಳಬೇಕು, ಪುಡಿಯ ಜೊತೆಗೇ ಕುದಿಸುತ್ತಾರೆ. ತಳದ ಗಸಿ ಕುಡಿಯಬೇಡಿ.

ನೀರು ಮಾತ್ರ ಬಿಟ್ಟಿ ಅಲ್ಲ. ಬರೀ ವಾಸರ್ ಎಂದರೆ ಸೋಡಾ ಬಾಟಲಿ ಬಂದೀತು, "ಶ್ಟಿಲ್" ಎಂದು ಸೇರಿಸಿ. ಬಿಲ್ಲು ಟೇಬಲ್ಲಿಗೇ ಬರುತ್ತದೆ. 46 ಯೂರೋ ಆಗಿದ್ದರೆ ದುಡ್ಡು ಕೊಡುವಾಗ "ಫ್ಯುನ್ಫ್‌ಸಿಶ್" ಎಂದು 50 ಹೇಳಿದರೆ ಟಿಪ್ಸೂ ಸೇರಿತು. ಕಾರ್ಡ್ ತೆಗೆದುಕೊಳ್ಳದ ಕಡೆ ಇನ್ನೂ ಇವೆ, ಜೇಬಿನಲ್ಲಿ ನೋಟಿರಲಿ. ಮಕ್ಕಳು ಮಾಣಿಯನ್ನು "ಅಣ್ಣಾ" ಎಂದು ಕೂಗಿದರೆ ಆತ ನಕ್ಕಾನು, ಅವರ ಭಾಷೆಯಲ್ಲಿ "ಅನ್ನೆ" ಎಂದರೆ ತಾಯಿ. ಅಣ್ಣನಿಗೆ "ಆಬಿ" ಎನ್ನುತ್ತಾರೆ. ಹೊರಡುವಾಗ "ಎಲಿನಿಜೆ ಸಾಲಿಕ್" ಎನ್ನಿ, ನಿಮ್ಮ ಕೈ ಚೆನ್ನಾಗಿರಲಿ ಎಂದು.

ಮಂಗಳವಾರ, ಶುಕ್ರವಾರ ನೊಯ್‌ಕೋಲ್ನ್ ಕಡೆ ಊಟಕ್ಕೆ ಹೋದರೆ ಕಾಲುವೆ ದಡದ ಮೈಬಾಖ್‌ಉಫರ್ ಸಂತೆಗೆ ಒಂದು ಸುತ್ತು ಹಾಕಿ ಬನ್ನಿ. ಕೊತ್ತಂಬರಿ ಸೊಪ್ಪು ದೊಡ್ಡ ಕಟ್ಟಿನಲ್ಲೇ ಸಿಗುತ್ತದೆ. ಆ ಹೊತ್ತಿಗೆ ನಿಮ್ಮ ಒಲೆಯೂ ಬಂದಿದ್ದರೆ ಚಿಕ್ಕ ಬದನೆಕಾಯಿ ಕಂಡ ಕೂಡಲೇ ಒಂದು ಕಿಲೋ ಹಿಡಿದುಕೊಳ್ಳಿ.