ಬರೀ ‘ಬೆಲ್ಲ’ ಎಂದರೆ ಗೂಗಲ್‌ನಲ್ಲಿ ಯಾರಿಗೂ ಕಾಣುವುದಿಲ್ಲ
ಮಂಡ್ಯ ಸುತ್ತಮುತ್ತಲಿನ ಆಲೆಮನೆಯವರು ವೆಬ್‌ಸೈಟ್ ಮಾಡಿಸುವಾಗ ಪುಟದ ಶೀರ್ಷಿಕೆಯನ್ನು ಸ್ವಲ್ಪ ಯೋಚಿಸಿ ಬರೆಸಿ. ‘ಬೆಲ್ಲ’ ಎಂದಷ್ಟೇ ಹಾಕಿದರೆ ದೊಡ್ಡ ದೊಡ್ಡ ಮಾರಾಟ ತಾಣಗಳ ಜೊತೆ ಗುದ್ದಾಡಬೇಕು. ಬದಲಿಗೆ ‘ರಾಸಾಯನಿಕ ಬಳಸದ ಮಂಡ್ಯ ಅಚ್ಚು ಬೆಲ್ಲ, 10 ಕೆಜಿ’ ಎಂದು ಬರೆಯಿರಿ (ನಿಜಕ್ಕೂ ಬಳಸದಿದ್ದರೆ ಮಾತ್ರ!). ಹಾಗೆ ಹುಡುಕುವವರು ಕಡಿಮೆ, ಆದರೆ ಬಹುಪಾಲು ಕೊಳ್ಳಲೆಂದೇ ಬಂದವರು.

ಇಂಥ ಪದಗುಚ್ಛ ಎಲ್ಲಿಂದ ತರುವುದು? ಗೂಗಲ್‌ನಲ್ಲಿ ‘ಮಂಡ್ಯ ಬೆಲ್ಲ’ ಎಂದು ಟೈಪ್ ಮಾಡಿ, ಎಂಟರ್ ಒತ್ತದೆ ನಿಲ್ಲಿಸಿ. ಕೆಳಗೆ ಇಳಿಯುವ ಸಲಹೆಗಳು ಜನರ ಹುಡುಕಾಟದಿಂದಲೇ ಬಂದವು. ತಾಣ ಈಗಾಗಲೇ ಇದ್ದರೆ ಗೂಗಲ್ ಸರ್ಚ್ ಕನ್ಸೋಲ್ ನೋಡಿ, ಅದು ಉಚಿತ. ಯಾವ ಪದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದೆಲ್ಲ ಅಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ಬೇರೆ ಪುಟವೇ ಇರಲಿ.

ಆ ಗುಚ್ಛ ಶೀರ್ಷಿಕೆಯಲ್ಲಿ, ಮೊದಲ ಪ್ಯಾರಾದಲ್ಲಿ ಸಹಜವಾಗಿ ಬಂದರೆ ಸಾಕು. ಸಾಲುಸಾಲಿಗೂ ತುರುಕಿದರೆ ಗೂಗಲ್ ಅದನ್ನು ಸ್ಪ್ಯಾಮ್ ಎಂದೇ ಎಣಿಸುತ್ತದೆ. ಇನ್ನು ‘ಕೀವರ್ಡ್ ಮೆಟಾ ಟ್ಯಾಗ್’ (ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಬರೆದಿಡುವ ಹುಡುಕುಪದಗಳ ಪಟ್ಟಿ) ಹಾಕಿಕೊಡುತ್ತೇವೆಂದು ದುಡ್ಡು ಕೇಳುವವರಿಗೆ ದೂರದಿಂದಲೇ ಕೈಮುಗಿಯಿರಿ. ಹುಡುಕಾಟದಲ್ಲಿ ಪುಟದ ಸ್ಥಾನ ನಿರ್ಧರಿಸಲು ಅದನ್ನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ.