ಎರಡು ಜೆಟ್ ಜೇಬಲ್ಲಿಟ್ಟುಕೊಂಡು ಬೊಗೊಟಾ ದಾಟಿದ್ದು

ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ ಎರಡು ರಾತ್ರಿ ಅಂದುಕೊಂಡಿದ್ದೆ, ಉಳಿದಿದ್ದು ಹನ್ನೊಂದು. ಎಲ್ಲ ಕಾರ್ಬ್ಯುರೇಟರ್ ದೆಸೆಯಿಂದ. ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡೋದು ಅದು. ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಅಳೆಯೋದು ಅದರೊಳಗಿನ ಜೆಟ್, ಸಣ್ಣ ತೂತಿನ ಹಿತ್ತಾಳೆ ತುಂಡು.

ಗಾಡಿ ಹಳೇ ಪಲ್ಸರ್ 180. ಕಡಲ ತೀರದ ಕಾರ್ತಹೇನಾದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, ಸುಮಾರು 38 ಲಕ್ಷ ಪೆಸೊ. ಆಗ ಡಾಲರಿಗೆ ನಾಲ್ಕು ಸಾವಿರ ಪೆಸೊ ಲೆಕ್ಕ, ಅಂದರೆ ನಮ್ಮ ಎಂಬತ್ತು ಸಾವಿರ ರೂಪಾಯಿ. ಊರಿನ ಗೆಳೆಯ ಫೋನಲ್ಲಿ, "ಅಷ್ಟು ದೂರ ಹೋಗಿ ಪಲ್ಸರ್ ತಗೊಂಡ್ಯಾ? ಆಂಡಿಸ್ ಹತ್ತಲ್ಲ ಮಾರಾಯ" ಅಂದ. ಆದರೆ ಕೊಲಂಬಿಯಾದಲ್ಲಿ ಬಜಾಜ್ ಗಾಡಿಗಳು ನಮ್ಮಲ್ಲಿ ಇದ್ದ ಹಾಗೇ ಇವೆ. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತೆ. ನನ್ನ ಧೈರ್ಯ ಅದೇ.

ಸಮುದ್ರ ಮಟ್ಟದಲ್ಲಿ ಲೀಟರಿಗೆ 38 ಕಿಲೋಮೀಟರ್ ಕೊಡ್ತಿತ್ತು. ಹೊಂಡಾ ಅನ್ನೋ ಊರಲ್ಲೂ ಚೆನ್ನಾಗೇ ಇತ್ತು. ಅದು ಮಗ್ದಲೇನಾ ನದಿ ದಡದ ಸೆಕೆ ಊರು, ಎತ್ತರ ಬರೀ ಇನ್ನೂರು ಚಿಲ್ಲರೆ ಮೀಟರ್. ಅಲ್ಲಿಂದ ಬೊಗೊಟಾಗೆ ನೂರೈವತ್ತು ಕಿಲೋಮೀಟರ್, ಏರೋದು 2,600 ಮೀಟರಿಗೆ. ಫಕತತಿವಾ ಹತ್ತಿರ ಬರೋ ಹೊತ್ತಿಗೆ ಗಾಡಿ ಕೆಮ್ಮತೊಡಗಿತು. ಪ್ಲಗ್ ಬಿಚ್ಚಿದರೆ ಒಲೆ ಮೇಲಿನ ಪಾತ್ರೆ ಥರ ಮಸಿ. ಎತ್ತರದಲ್ಲಿ ಗಾಳಿ ತೆಳು, ಅದಕ್ಕೆ ಪೆಟ್ರೋಲ್ ಜಾಸ್ತಿಯಾಗಿ ಪೂರ್ತಿ ಉರಿಯಲ್ಲ.

ಮೊದಲ ಮೆಕ್ಯಾನಿಕ್, ಗಾಳಿ ಎಳೆದುಕೊಳ್ಳೋ ಏರ್ ಬಾಕ್ಸ್‌ಗೆ ಎರಡು ತೂತು ಹೊಡೆದರೆ ಸಾಕು ಅಂದ. ಹೊಡೆಸಿದೆ. ಸಿವಿ ಕಾರ್ಬ್, ಅಂದರೆ ಗಾಳಿಯ ಒತ್ತಡದಿಂದಲೇ ಒಳಗಿನ ಸ್ಲೈಡ್ ಏರಿಳಿಯೋ ಕಾರ್ಬ್ಯುರೇಟರ್ ಇರೋ ಗಾಡಿಗೆ ಇದನ್ನು ಮಾಡಲೇಬೇಡಿ. ಆ ಸ್ಲೈಡ್ ಏಳೋ ಲೆಕ್ಕವೇ ತಪ್ಪುತ್ತೆ. ಅರ್ಧ ಥ್ರಾಟಲ್‌ನಲ್ಲಿ ಗಾಡಿ ಜಗ್ಗಿ ಜಗ್ಗಿ ಓಡಿತು. ಹಳೇ ಏರ್ ಬಾಕ್ಸ್ ಹುಡುಕಿ ಹಾಕಿಸೋಕೆ 60 ಸಾವಿರ ಪೆಸೊ ದಂಡ. ಆಮೇಲೆ ಹೆಚ್ಚು ಆಕ್ಟೇನಿನ 'ಎಕ್ಸ್‌ತ್ರಾ' ಪೆಟ್ರೋಲ್ ಹಾಕಿ ನೋಡಿದೆ. ಅದೂ ವ್ಯರ್ಥ. ಎತ್ತರದಲ್ಲಿ ಕಡಿಮೆ ಆಕ್ಟೇನ್ ಸಾಕಾಗುತ್ತೆ, ಮಾಮೂಲಿ 'ಕೊರ್ರಿಯೆಂತೆ'ನೇ ಸರಿ.

ಮೂರನೇ ದಿನ ಸಿಯೆತೆ ದೆ ಅಗೊಸ್ತೊ ಬಡಾವಣೆಗೆ ಹೋದೆ. 1819ರ ಬೊಯಾಕಾ ಯುದ್ಧದ ದಿನ, ಆಗಸ್ಟ್ 7, ಅದೇ ಹೆಸರು ಇಟ್ಟಿದ್ದಾರೆ. ಬೀದಿಗಟ್ಟಲೆ ಗ್ಯಾರೇಜು, ಬಿಡಿಭಾಗದ ಅಂಗಡಿ. ಜೆಟ್‌ಗೆ ಅವರು 'ಬೊಕೆರೆಲ್' ಅಂತಾರೆ. ಒಬ್ಬ ಹಿರಿಯರು ಡಬ್ಬಿ ತೆಗೆದು ಕೌಂಟರ್ ಮೇಲೆ ಸುರಿದರು. ಸಾಸಿವೆ ಹರಡಿದ ಹಾಗೆ ಹಿತ್ತಾಳೆ ಜೆಟ್‌ಗಳು. ಕನ್ನಡಕ ಹಣೆಗೇರಿಸಿ, ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನಂಬರ್ ಓದಿದರು. ಇದ್ದ ಮೇನ್ ಜೆಟ್‌ಗಿಂತ ಎರಡು ಸೈಜ್ ಚಿಕ್ಕದು ಆರಿಸಿದೆ, 12 ಸಾವಿರ ಪೆಸೊ. "ಕೆಳಗಿಳಿದರೆ ಇಂಜಿನ್ ಸುಡುತ್ತೆ, ದಾರಿಯಲ್ಲಿ ಯಾರು ಇದನ್ನು ಬದಲಾಯಿಸ್ತಾರೆ?" ಅಂತ ಅವರಿಗೂ ಅನುಮಾನ. ನಾನೇ ಬದಲಾಯಿಸ್ತೀನಿ ಅಂದೆ.

ಭಾನುವಾರ ಅಂಗಡಿ ಬಾಗಿಲು ಹಾಕಿತ್ತು. ಸಿಕ್ಲೊವಿಯಾ ಅಂತ ಮುಖ್ಯ ರಸ್ತೆಗಳನ್ನೂ ಮಧ್ಯಾಹ್ನ ಎರಡರ ತನಕ ಸೈಕಲ್‌ಗೆ ಬಿಟ್ಟಿರ್ತಾರೆ. ರೂಮಲ್ಲಿ ಅನ್ನ ಮಾಡಿದೆ, ಬೇಯಲೇ ಇಲ್ಲ. ಅಲ್ಲಿ ನೀರು 91-92 ಡಿಗ್ರಿಗೇ ಕುದಿಯುತ್ತೆ. ಮನೆಯೊಡತಿ 'ಓಯಾ ಪಿತಾದೋರಾ' ಕೊಟ್ಟರು, ಅಂದರೆ ನಮ್ಮ ಸೀಟಿ ಕುಕ್ಕರ್. ಬೇಳೆಗೆ ಆರು ಸೀಟಿ ಬೇಕಾಯಿತು.

ಸೋಮವಾರ ಚಿಕ್ಕ ಜೆಟ್ ಹಾಕಿ ಬೊಗೊಟಾ ಪಕ್ಕದ ಪಾತಿಯೋಸ್ ಘಾಟಿ ಹತ್ತಿದೆ. ಪ್ಲಗ್ ಕಾಫಿಪುಡಿ ಬಣ್ಣ, ಅಂದರೆ ಹದ ಸರಿ. ಮೈಲೇಜ್ 26ಕ್ಕೆ ಇಳಿದಿದ್ದು 35-36ಕ್ಕೆ ಬಂತು. ಆ ಖುಷಿಯಲ್ಲಿ ಜೆಟ್ ಬದಲಾಯಿಸದೆ ತಗ್ಗಿನ ಊರು ವಿಯೇತಾಗೆ ಇಳಿದೆ, ಮುಂದೆ ಗ್ವಾದುವಾಸ್ ಏರಲ್ಲಿ ಇಂಜಿನ್ ಟಕಟಕ ಅಂತು. ಪ್ಲಗ್ ಬೆಳ್ಳಗಾಗಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಹಿರಿಯರು ಹೇಳಿದ್ದು ನಿಜ.

ವಿಯೇತಾ ಕಡೆ ಬೆಲ್ಲ ಮಾಡ್ತಾರೆ, ಪನೇಲಾ ಅಂತಾರೆ. ಒಂದು ಆಲೆಮನೆ ಪಕ್ಕದ ನೆರಳಲ್ಲಿ ಕೂತು ಹಳೇ ಜೆಟ್ ವಾಪಸ್ ಹಾಕಿದೆ. ಮಂಡ್ಯದ ಕಡೆ ಬರೋ ಅದೇ ವಾಸನೆ. ಮೊದಲ ಸಲ ಐವತ್ತು ನಿಮಿಷ ಹಿಡಿಯಿತು, ಕಾರ್ಬ್ ಕೆಳಗಿನ ಪೆಟ್ರೋಲ್ ಬಟ್ಟಲು, ಅಂದರೆ ಬೌಲ್, ಅದರ ಸ್ಕ್ರೂ ಒಂದರ ತಲೆ ಸವೆದುಹೋಗಿತ್ತು. ಮಾರನೇ ದಿನ ನಾಲ್ಕಕ್ಕೂ ಅಲೆನ್ ಬೋಲ್ಟ್ ಹಾಕಿಸಿದೆ. ಕ್ಲಾಂಪ್ ಸಡಿಲಿಸಿ, ಕಾರ್ಬ್ ವಾಲಿಸಿ, ಬೌಲ್ ಬಿಚ್ಚೋದು. ಈಗ ಹದಿನೆಂಟು ನಿಮಿಷ ಸಾಕು. ಬೌಲ್ ಓ-ರಿಂಗ್ ಎರಡು ಜಾಸ್ತಿ ಇಟ್ಟುಕೊಳ್ಳಿ. ಸ್ಲೈಡಿಗೆ ಸೇರಿದ ಸೂಜಿ, ನೀಡಲ್, ಅದಕ್ಕೆ ನಾನು ಮಾಡಿದ್ದು ಇನ್ನೊಂದಿದೆ, ಅದನ್ನು ಇಲ್ಲಿ ಹೇಳಲ್ಲ. ಎಷ್ಟೋ ರಾತ್ರಿ ಕೂತು ಕಂಡುಕೊಂಡಿದ್ದು ಅದು.

ರೂಮು, ದಂಡ, ಹೊಸ ಚೈನ್ ಸೆಟ್, ಎಲ್ಲ ಸೇರಿ ಹನ್ನೊಂದು ದಿನಕ್ಕೆ ಹನ್ನೆರಡು ಲಕ್ಷ ಪೆಸೊ ಹತ್ತಿರ ಹೋಯಿತು. ಟೋಲ್ ಮಾತ್ರ ಖರ್ಚಿಲ್ಲ, ಕೊಲಂಬಿಯಾದಲ್ಲಿ ಬೈಕ್‌ಗೆ ಪಕ್ಕದ ಸಣ್ಣ ದಾರಿ ಬಿಟ್ಟಿರ್ತಾರೆ.

ಕೊನೆಗೆ ಬೊಗೊಟಾ ಬಿಟ್ಟು ಹೊರಟಾಗ ವಿಯೇತಾದಲ್ಲಿ ದೊಡ್ಡ ಜೆಟ್ ಹಾಕಿ ಹೊಂಡಾಗೆ ಇಳಿದೆ. ಮರಿಕಿತಾ ದಾಟಿ ಫ್ರೆಸ್ನೊದಲ್ಲಿ ಮತ್ತೆ ಚಿಕ್ಕದು. ಲೆತ್ರಾಸ್ ಘಾಟಿ ಸುಮಾರು 3,700 ಮೀಟರ್. ಮಂಜು, ಚಳಿ, ಬೆರಳು ಮರಗಟ್ಟಿತ್ತು. ಪಲ್ಸರ್ ಲಗೇಜ್ ಸಮೇತ ಒಂದು ಸಲವೂ ಕೆಮ್ಮದೆ ಹತ್ತಿತು. ತುದಿಯಲ್ಲಿ ನಿಂತು ಪ್ಲಗ್ ಬಿಚ್ಚಿ, ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ.

ಅರ್ಧ ಗಂಟೆಗೆ ಉತ್ತರ ಬಂತು. "ಜೆಟ್ ನಂಬರ್ ಎಷ್ಟು ಹೇಳು."